ತಗಡಿನ ಕಿಂಡಿ

ತೊರಿಬಿಯೊ ಹನ್ನೆರಡು ವರ್ಷ ನಮ್ಮೂರ ಬೇಸ್‌ಬಾಲ್ ತಂಡದ ಕ್ಯಾಚರ್ ಆಗಿ, ಬ್ಯಾಟಿನವನ ಹಿಂದೆ ಕೂತು ಚೆಂಡು ಹಿಡಿಯುತ್ತಿದ್ದ. ಬಲಗೈ ಬೆರಳುಗಳು ಶುಂಠಿಯ ಹಾಗೆ ಸೊಟ್ಟಗಾದ ಮೇಲೆ, ಮೈದಾನದ ಆಚೆ ತುದಿಯ ಸ್ಕೋರ್ ಬೋರ್ಡಿನೊಳಗೆ ಕೂತು ಅಂಕಿಯ ಹಲಗೆ ತಗುಲಿಸುವ ಕೆಲಸ ಹಿಡಿದ. ಪಾಪದ ಮನುಷ್ಯ ಎಂದು ಊರು ನಂಬಿತ್ತು. ಊರಿಗೇನು ಗೊತ್ತು!

ಅವನ ನಿಜವಾದ ಕಸುಬು ಕಳ್ಳತನ. ಎದುರಾಳಿ ಕ್ಯಾಚರ್ ಕುಕ್ಕುರುಗಾಲಲ್ಲಿ ಕೂತು ತೊಡೆಗಳ ನಡುವೆ, ಚೆಂಡೆಸೆಯುವ ತನ್ನ ಪಿಚರ್‌ಗೆ ಬೆರಳು ತೋರಿಸುತ್ತಾನಲ್ಲ, ಅದನ್ನು ತೊರಿಬಿಯೊ ದುರ್ಬೀನಿನಲ್ಲಿ ಕದಿಯುತ್ತಿದ್ದ. ಒಂದು ಬೆರಳೆಂದರೆ ವೇಗದ ನೇರ ಚೆಂಡು, ಎರಡೆಂದರೆ ತಿರುವಿನ ಚೆಂಡು. ಬೋರ್ಡಿನ ಮೂಲೆಯ ಕಿಂಡಿ ತೆರೆದಿದ್ದರೆ ನೇರ, ತಗಡು ಮುಚ್ಚಿದರೆ ತಿರುವು. ಬ್ಯಾಟು ಹಿಡಿದ ನಮ್ಮವನು ಒಮ್ಮೆ ಕಣ್ಣೆತ್ತಿದರೆ ಸಾಕು.

೧೯೫೩ರ ಕೊನೆಯ ಭಾನುವಾರ ಉತ್ತರದ ತಂಡದೊಡನೆ ಪ್ರಶಸ್ತಿಯ ಪಂದ್ಯ. ಬೆಳಿಗ್ಗೆ ಮೀನಿನ ಬೋಂಡ ತಿನ್ನುತ್ತಾ ತಂಗಿ ಒಬ್ದುಲಿಯಾಳ ಗಂಡ ನಿಕಾನೋರ್ ಹೇಳಿದ್ದ:

"ಭಾವ, ಇವತ್ತು ಕಣ್ಣು ಮಿಟುಕಿಸ್ಬೇಡ. ನಾನು ಹೊಡೀದಿದ್ರೆ ಮುಂದಿನ ವರ್ಷ ತಂಡದಲ್ಲಿ ಜಾಗ ಇಲ್ವಂತೆ. ಮತ್ತೆ ಕಬ್ಬು ಕಡಿಯೋದೇ ಗತಿ."

"ನೀನು ಬ್ಯಾಟು ಬೀಸು, ಬಾಯಿ ಬೀಸ್ಬೇಡ."

ಏಳನೆಯ ಇನಿಂಗ್ಸಿನಲ್ಲಿ ಎದುರಾಳಿ ಕ್ಯಾಚರ್ ಸೆಫೆರಿನೊ ಮುಖದ ಜಾಲರಿ ಎತ್ತಿ ಬೋರ್ಡನ್ನೇ ದಿಟ್ಟಿಸಿದ. ತೊರಿಬಿಯೊ ಕಿಂಡಿಯಿಂದ ಹಿಂದೆ ಸರಿದ. ಇಬ್ಬರೂ ಒಬ್ಬನೇ ಗುರುವಿನ ಬಳಿ ಕಲಿತವರು. ಕದಿಯುವವನಿಗೆ ಕೊಡುವ ಶಿಕ್ಷೆ ಇಬ್ಬರಿಗೂ ಗೊತ್ತು: ಪಿಚರ್‌ಗೆ ಮೊದಲೇ ಹೇಳಿಟ್ಟು, ಎರಡು ಬೆರಳು ತೋರಿಸಿ, ಬ್ಯಾಟಿನವನ ತಲೆಗೆ ಗುರಿಯಿಟ್ಟು ನೇರ ಚೆಂಡು ಎಸೆಯಿಸುವುದು. ತಿರುಗುತ್ತದೆಂದು ನಂಬಿದವನು ತಲೆ ತಗ್ಗಿಸುವುದಿಲ್ಲ. ತೊರಿಬಿಯೊ ತಾನೇ ಒಮ್ಮೆ ಹಾಗೆ ಮಾಡಿಸಿದ್ದ. ಪೆಟ್ಟು ತಿಂದವನು ಮತ್ತೆ ಮೈದಾನಕ್ಕೆ ಬರಲಿಲ್ಲ.

ಕೊನೆಯದಾದ ಒಂಬತ್ತನೆಯ ಇನಿಂಗ್ಸು, ಅಂಕ ಮೂರು-ಮೂರು. ನಮ್ಮವನೊಬ್ಬ ಎರಡನೆಯ ಬೇಸಿನಲ್ಲಿದ್ದ, ಮೊದಲನೆಯದು ಖಾಲಿ. ಚೆಂಡು ತಗುಲಿದವನಿಗೆ ಆ ಖಾಲಿ ಬೇಸು ಕೊಟ್ಟರಾಯಿತು, ಉತ್ತರದವರಿಗೆ ನಷ್ಟವೇನಿಲ್ಲ. ನಿಕಾನೋರ್ ಬ್ಯಾಟು ಹಿಡಿದು ಬಂದ. ಆಗ ಹೆಲ್ಮೆಟ್ಟಿನ ಕಾಲವಲ್ಲ, ತಲೆಯ ಮೇಲೆ ಬರೀ ಬಟ್ಟೆಯ ಟೋಪಿ.

ಸೆಫೆರಿನೊ ಎರಡು ಬೆರಳು ಚಾಚಿದ. ತೊರಿಬಿಯೊ ತಗಡಿಗೆ ಕೈಯಿಟ್ಟು ತಡೆದ. ಇದನ್ನು ನಂಬಬೇಡ ಎನ್ನಲು ಅವನಿಗೂ ನಿಕಾನೋರ್‌ಗೂ ನಡುವೆ ಸನ್ನೆಯೇ ಇರಲಿಲ್ಲ! ಮೂರು ವರ್ಷದ ಈ ಕಳ್ಳತನದಲ್ಲಿ ಅದು ಇಬ್ಬರಿಗೂ ಹೊಳೆದಿರಲಿಲ್ಲ. ಕಿಂಡಿ ತೆರೆದೇ ಇಟ್ಟ. ನೇರ ಚೆಂಡೆಂದುಕೊಂಡವನು ತಲೆಗೆ ಬಂದರೆ ತಗ್ಗುತ್ತಾನೆ; ಸೋತರೆ ಸೋಲಲಿ, ತಲೆ ಉಳಿಯುತ್ತದೆ.

ಚೆಂಡು ತಿರುಗಿತು. ನೇರ ಚೆಂಡಿಗೆ ಕಾದಿದ್ದ ನಿಕಾನೋರ್ ಗಾಳಿಗೆ ಬೀಸಿದ. ಮತ್ತೆ ಎರಡು ಬೆರಳು, ಮತ್ತೆ ತೆರೆದ ಕಿಂಡಿ, ಮತ್ತೆ ಗಾಳಿ. ನೋಡುತ್ತಿದ್ದ ಜನ ಕೂಗತೊಡಗಿದರು:

"ಏನೋ ನಿಕಾನೋರ್, ಸೊಳ್ಳೆ ಓಡಿಸ್ತಿದ್ದೀಯಾ?"

"ಯಾರಾದ್ರೂ ಅವನ ಕೈಗೆ ಕಬ್ಬಿನ ಕತ್ತಿ ಕೊಡ್ರೋ!"

ನಿಕಾನೋರ್ ಬೋರ್ಡಿನತ್ತ ನೋಡಿದ ನೋಟ ದುರ್ಬೀನಿನಲ್ಲಿ ತೀರಾ ಹತ್ತಿರ ಕಂಡಿತು. ತೊರಿಬಿಯೊಗೆ ನಾಚಿಕೆಯಾಯಿತು. ಸೆಫೆರಿನೊಗೆ ಏನೂ ಗೊತ್ತಿಲ್ಲ, ನನ್ನ ಪುಕ್ಕಲುತನವೇ ಇವನ ಅನ್ನ ಕಿತ್ತುಕೊಳ್ಳುತ್ತಿದೆ ಅನ್ನಿಸಿತು. ಇನ್ನೊಂದು ತಪ್ಪಿದರೆ ನಿಕಾನೋರ್ ಔಟು. ಕೈಗೆ ಸಿಕ್ಕವನನ್ನು ಹೊಡೆದು ಬೇಸಿಗೆ ಕಳಿಸುವಷ್ಟು ದಡ್ಡ ಕ್ಯಾಚರ್ ಯಾರಿದ್ದಾನೆ?

ಎರಡು ಬೆರಳು. ತೊರಿಬಿಯೊ ತಗಡು ಮುಚ್ಚಿದ.

ಚೆಂಡು ನೇರ ತಲೆಗೇ ಬಂತು. ನಿಕಾನೋರ್ ಕದಲಲಿಲ್ಲ, ಅದು ತಿರುಗಲೆಂದು ಕಾಯುತ್ತ ನಿಂತಿದ್ದ. ಸದ್ದು ಬೋರ್ಡಿನವರೆಗೆ ಬರಲು ಒಂದು ಕ್ಷಣ ಹಿಡಿಯಿತು. ಸೆಫೆರಿನೊ ಜಾಲರಿ ಕಿತ್ತು ಎದ್ದು ನಿಂತ. ಕಾಲ ಬುಡದಲ್ಲಿ ಬಿದ್ದವನತ್ತ ಬಗ್ಗದೆ, ಬೋರ್ಡಿನ ಕಡೆಗೇ ನೋಡುತ್ತಿದ್ದ.

ಆಮೇಲೆ ಬಂದವನು ಹೊಡೆದು ಪಂದ್ಯ ಗೆಲ್ಲಿಸಿದ. ನಾಲ್ಕರ ಹಲಗೆಯನ್ನು ತೊರಿಬಿಯೊನೇ ತಗುಲಿಸಿದ.

ನಿಕಾನೋರ್ ಬದುಕಿದ, ಎಡಗಣ್ಣು ಹೋಯಿತು. ಪ್ರತಿ ಭಾನುವಾರ ಭಾವನ ಜಗಲಿಗೆ ಬರುತ್ತಾನೆ. ಒಬ್ದುಲಿಯಾ ಕಾಫಿಯನ್ನು ಅವನ ಬಲಕ್ಕೇ ಇಡುತ್ತಾಳೆ. ಅವನು ಪ್ರತಿ ಸಲವೂ ಅದೇ ಮಾತು ತೆಗೆಯುತ್ತಾನೆ:

"ಕಿಂಡಿ ಮುಚ್ಚಿತ್ತು, ನಾನೇ ನೋಡ್ದೆ. ನೀನು ಸರಿಯಾಗೇ ಹೇಳಿದ್ದೆ ಭಾವ. ಆ ಹಾಳು ಚೆಂಡೇ ತಿರುಗ್ಲಿಲ್ಲ."

ತೊರಿಬಿಯೊ ಹೂಂ ಅನ್ನುತ್ತಾನೆ.