ಕಷಾಯದ ಜ್ವರ

ಮೊನ್ನೆ ಶುಕ್ರವಾರ ಮಗಳು ಕತ್ತರಿ ಹುಡುಕುತ್ತ ಡ್ರಾಯರನ್ನು ಬುಡಮೇಲು ಮಾಡಿ, ಅದರೊಳಗಿನಿಂದ ಒಂದು ನೀಲಿ ಪ್ಲಾಸ್ಟಿಕ್ ಕೊಳವೆಯನ್ನು ಎತ್ತಿ ಹಿಡಿದಳು. "ಅಪ್ಪಾ, ವಾಟ್ ಈಸ್ ದಿಸ್?" ಮುಚ್ಚಳ ತೆಗೆದು ನೋಡಿದರೆ ಪಾದರಸದ ಹಳೆಯ ಥರ್ಮಾಮೀಟರು. ಹಣೆಯ ಎದುರು ಪಿಸ್ತೂಲಿನಂತೆ ಹಿಡಿದು ಜ್ವರ ನೋಡುವ ಕಾಲದ ಹುಡುಗಿ ಅವಳು. ಇದನ್ನು ನಾಲಿಗೆಯ ಅಡಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು ಎಂದಾಗ ಮುಖ ಕಿವುಚಿ ಹೊರಟುಹೋದಳು. ನಾನು ಮಾತ್ರ ಕೊಳವೆಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಅಲ್ಲೇ ಕುಳಿತೆ. ಎಳ್ಳೆಣ್ಣೆಯ ಕಮಟು ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

ಹಂದಿಜ್ವರ ಬಂದ ವರ್ಷದ ಮಾತು ಇದು. ನಾವು ಆಗಲೂ ಮಸ್ಕತ್ತಿನಲ್ಲಿ, ಅಲ್ ಹೈಲ್‌ನ ಇದೇ ಕಟ್ಟಡದ ಎರಡನೆಯ ಮಹಡಿಯಲ್ಲಿದ್ದೆವು. ನನಗೆ ವಾದಿ ಅದಾಯ್‌ನ ಶೋರೂಮೊಂದರ ಆಫೀಸಿನಲ್ಲಿ ಕೆಲಸ. ಹೆಂಡತಿ ವಿನೋದಾಳಿಗೆ ಆರು ತಿಂಗಳು. ಅದಕ್ಕೂ ಹಿಂದಿನ ವರ್ಷ ಒಂದು ಮಗು ನಾಲ್ಕನೆಯ ತಿಂಗಳಿನಲ್ಲೇ ಕೈತಪ್ಪಿ ಹೋಗಿತ್ತು. ಅದರ ಬಗ್ಗೆ ನಾವಿಬ್ಬರೂ ಮಾತಾಡುತ್ತಿರಲಿಲ್ಲ. ಮಾತಾಡದಿದ್ದರೆ ಮರೆತುಹೋಗುತ್ತದೆ ಎಂದು ನಾನು ತಿಳಿದಿದ್ದೆ. ಅವಳು ಏನು ತಿಳಿದಿದ್ದಳೋ, ಕೇಳಿರಲಿಲ್ಲ. ಬಸುರಿಯರಿಗೆ ಈ ಜ್ವರ ಬಂದರೆ ಕಷ್ಟ ಎಂದು ಟಿವಿಯವರು ದಿನವೂ ಹೇಳುತ್ತಿದ್ದರು. ಹೇಳುವುದು ಅವರ ಕೆಲಸ, ಹೆದರುವುದು ನನ್ನದು. ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತುತ್ತಿದ್ದೆ. ಯಾರಾದರೂ ಕೆಮ್ಮಿದರೆ ಉಸಿರು ಬಿಗಿಹಿಡಿದು ಇಪ್ಪತ್ತು ಎಣಿಸುತ್ತಿದ್ದೆ. ಆಮೇಲೆ ಉಸಿರು ಸಾಲದೆ ಎದೆ ಹೊಡೆದುಕೊಂಡಾಗ, ಇದು ರೋಗದ ಲಕ್ಷಣವೇ ಇರಬೇಕು ಎಂದು ಇನ್ನಷ್ಟು ಹೆದರುತ್ತಿದ್ದೆ.

ನನ್ನ ಸ್ಥಿತಿಯನ್ನು ಮೊದಲು ಕಂಡುಹಿಡಿದವರು ಮೇಲಿನ ಮನೆಯ ನಂಜುಂಡಯ್ಯನವರು. ಮೈಸೂರಿನವರು, ಕೆಲಸದಿಂದ ಏಸಿ ಇಂಜಿನಿಯರು, ಒಲವಿನಿಂದ ವೈದ್ಯರು. ನಮ್ಮ ಕಟ್ಟಡದಲ್ಲಿ ಅವರ ಚೂರ್ಣ ತಿನ್ನದ ಕನ್ನಡಿಗರಿರಲಿಲ್ಲ.

"ಏನ್ರೀ ಮಂಗಳೂರಿನವರೇ, ನಿಮ್ಗೆ ಹೆದರಿಕೆ ಅಲ್ಲ ಕಣ್ರೀ, ವಾತ. ವಾತ ಕೆರಳಿ ಕೂತಿದೆ. ಡಕ್ಟಲ್ಲಿ ಗಾಳಿ ದಾರಿ ತಪ್ಪಿದ್ರೆ ಎಂಥಾ ಏಸಿ ಇದ್ರೂ ರೂಮ್ ತಂಪಾಗಲ್ಲ. ದೇಹಾನೂ ಹಾಗೇನೇ. ಎಣ್ಣೆ ಹಾಕಿ, ದಾರಿಗೆ ಬರುತ್ತೆ."

ಅಲ್ಲೇ ನಿಂತು ಒಂದು ಚೀಟಿಯಲ್ಲಿ ದಿನಚರಿ ಬರೆದುಕೊಟ್ಟರು. ಬೆಳಿಗ್ಗೆ ಎದ್ದು ಮೈಗೆಲ್ಲ ಎಳ್ಳೆಣ್ಣೆ, ಮೂಗಿನ ಹೊಳ್ಳೆಗೆ ಎರಡೆರಡು ಹನಿ, ಎರಡು ಹೊತ್ತು ಶುಂಠಿ, ಮೆಣಸು, ತುಳಸಿಯ ಕಷಾಯ, ಮಲಗುವಾಗ ಅಂಗಾಲಿಗೆ ತುಪ್ಪ. "ನಿಮ್ಮ ಮನೆಯವ್ರಿಗೆ ಇದ್ಯಾವುದೂ ಬೇಡ. ಅವ್ರಿಗೆ ಅವ್ರ ಡಾಕ್ಟರು ಹೇಳಿದ್ದಷ್ಟೇ" ಎಂದು ಎಚ್ಚರಿಸುವಷ್ಟು ವಿವೇಕ ಅವರಿಗಿತ್ತು. ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆ. ಅಭ್ಯಂಜನಕ್ಕೆ ಮಸ್ಕತ್ತಿನ ಬೇಸಿಗೆಯಂಥದ್ದು ಇನ್ನೊಂದಿಲ್ಲ ನೋಡಿ. ಟ್ಯಾಂಕಿನ ನೀರು ತಾನಾಗಿಯೇ ಕುದಿಯುವಷ್ಟು ಕಾದಿರುತ್ತದೆ, ಹಂಡೆಯ ಒಲೆಗೆ ಕೆಲಸವಿಲ್ಲ. ನಿಜ ಹೇಳುತ್ತೇನೆ, ಮೊದಲ ದಿನ ಎಣ್ಣೆ ಹಚ್ಚಿ ಮಿಂದು ಬಂದಾಗ ಹಾಯೆನಿಸಿತು. ಎದೆಯ ಬಡಿತ ಎಲ್ಲಿ ಹೋಯಿತು ಎಂದು ಹುಡುಕುವಂತಾಯಿತು. ಹುಡುಕಬಾರದಿತ್ತೋ ಏನೋ, ಹುಡುಕಿದ ಕೂಡಲೇ ಮತ್ತೆ ಶುರುವಾಯಿತು.

ಎರಡನೆಯ ದಿನ ಮೂಗಿಗೆ ಹನಿ ಬಿಟ್ಟುಕೊಂಡೇ ಆಫೀಸಿಗೆ ಹೋದೆ. ನಾಲ್ಕು ಹನಿಯ ಬದಲು ಎಂಟು ಬಿಟ್ಟಿದ್ದೆ; ಔಷಧಿ ಹೆಚ್ಚಾದರೆ ಗುಣವೂ ಹೆಚ್ಚು ಎಂಬುದು ನಮ್ಮವರ ನಂಬಿಕೆ. ಮೇಜಿನ ಎದುರು ಕುಳಿತದ್ದೇ ತಡ, ಒಂದರ ಹಿಂದೊಂದು ಏಳು ಸೀನು. ಎಲ್ಲರೂ ಕುರ್ಚಿ ಸಮೇತ ಹಿಂದೆ ಸರಿದರು. ಒಮಾನಿ ಮ್ಯಾನೇಜರ್ ಸಾಲಿಂ ದೂರದಿಂದಲೇ ಕೈಬೀಸಿ ಒಂದು ವಾರದ ರಜೆ ಕೊಟ್ಟ. "ಖಲಾಸ್! ಯಲ್ಲಾ, ಘರ್ ಜಾವ್! ಏಕ್ ಹಫ್ತಾ ಛುಟ್ಟಿ!" ಪುಣ್ಯಾತ್ಮ, ಹೋಗುವಾಗ ಮನೆಯಲ್ಲಿ ಹೊಗೆ ಹಾಕಲು ಒಂದು ಹಿಡಿ ಲೋಬಾನವನ್ನೂ ಕಾಗದದಲ್ಲಿ ಸುತ್ತಿ ನನ್ನ ಕಾರಿನ ಮೇಲೆ ಇಡಿಸಿದ. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಸೀನು ಬಂದದ್ದು ಎಣ್ಣೆಯಿಂದಲೋ, ಹಂದಿಯಿಂದಲೋ?

ಅದನ್ನು ತೀರ್ಮಾನಿಸಲು ತಂದದ್ದು ಈ ಥರ್ಮಾಮೀಟರು. ಅಂದು ಸಂಜೆ ಬಿಸಿಬಿಸಿ ಕಷಾಯ ಒಂದು ದೊಡ್ಡ ಲೋಟ ಕುಡಿದು, ಅದು ನಾಟಿತೇ ಎಂದು ನೋಡಲು ಕೂಡಲೇ ಥರ್ಮಾಮೀಟರನ್ನು ನಾಲಿಗೆಯ ಅಡಿಯಲ್ಲಿಟ್ಟೆ. ನೂರಾ ಒಂದು! ಫೋನಿನಲ್ಲಿ ನಂಜುಂಡಯ್ಯನವರು, "ಒಳಗಿದ್ದ ಜ್ವರ ಹೊರಗೆ ಬರ್ತಿದೆ ಕಣ್ರೀ, ಒಳ್ಳೇದೇ. ಮೆಣಸು ಜಾಸ್ತಿ ಮಾಡಿ" ಎಂದರು. ಮಾಡಿದೆ. ಮರುದಿನ ಬೆಳಿಗ್ಗೆ ಕಷಾಯ, ಕೂಡಲೇ ಥರ್ಮಾಮೀಟರು. ನೂರಾ ಒಂದರ ಮೇಲೆ ಮತ್ತೆರಡು ಗೆರೆ. ನೀವು ನಗುತ್ತಿದ್ದೀರಿ, ನನಗೆ ಗೊತ್ತು. ಆದರೆ ಹೆದರಿದವನ ತಲೆಯೊಳಗೆ ಕೂತು ನೋಡಿ. ಜ್ವರಕ್ಕೆ ಕಷಾಯ, ಕಷಾಯದ ನಂತರ ಜ್ವರ. ಎಲ್ಲವೂ ಸರಿಯಾಗಿಯೇ ಇದೆ ಅನಿಸುತ್ತದೆ. ಡಾಕ್ಟರ ಹತ್ತಿರ ಹೋದರೆ ನನ್ನನ್ನು ಎಲ್ಲಾದರೂ ಇಟ್ಟುಕೊಂಡುಬಿಟ್ಟರೆ, ವಿನೋದಾ ಒಬ್ಬಳೇ ಏನು ಮಾಡಿಯಾಳು ಎಂಬ ಭಯ ಬೇರೆ.

ಹಾಗಾಗಿ ಬೆಡ್‌ರೂಮು ಸೇರಿ ಒಳಗಿನಿಂದ ಬಾಗಿಲು ಹಾಕಿಕೊಂಡೆ. ಅವಳು ಊಟ, ಕಷಾಯ ಹೊಸ್ತಿಲಲ್ಲಿಟ್ಟು ಹಿಂದೆ ಸರಿಯುವುದು, ನಾನು ತೆಗೆದುಕೊಳ್ಳುವುದು. ಖಾಲಿ ಲೋಟ, ಥರ್ಮಾಮೀಟರು ಹೊರಗಿಟ್ಟರೆ ಅವಳು ಸಾಬೂನು ಹಾಕಿ ತೊಳೆದಿಡುತ್ತಿದ್ದಳು. ಟಿವಿ ಹಾಲಿನಲ್ಲಿತ್ತು. ನನಗೆ ಒಳಗೆ ಮಾಡಲು ಏನೂ ಇರಲಿಲ್ಲ. ಬಾಗಿಲಿಗೆ ಒರಗಿ ನೆಲದ ಮೇಲೆ ಕೂರುತ್ತಿದ್ದೆ. ಅವಳು ಆಚೆ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಮೊದಲು ಉಪ್ಪು ಸರಿ ಉಂಟಾ, ಸಾರು ಬೇಕಾ ಎಂಬ ಮಾತು. ಆಮೇಲೆ ಅವಳು ಶಾಲೆಗೆ ಹೋಗುವಾಗ ದೋಣಿ ದಾಟುತ್ತಿದ್ದ ಕಥೆ. ನಾನು ಹೈಸ್ಕೂಲಿನಲ್ಲಿ ಫೇಲಾದದ್ದನ್ನು ಮುಚ್ಚಿಟ್ಟು ಮದುವೆಯಾದ ಕಥೆಯೂ ಆಗಲೇ ಹೊರಬಿತ್ತು. ಮುಖ ಕಾಣದಿದ್ದರೆ ಮನುಷ್ಯ ಎಷ್ಟು ಸಲೀಸಾಗಿ ಮಾತಾಡುತ್ತಾನೆ!

ಆರನೆಯ ದಿನದ ಸಂಜೆ ಅವಳು, "ಅದು ಹುಡುಗಿ ಆಗಿತ್ತು ಅಂತ ನನಗೆ ಅನಿಸ್ತದೆ" ಎಂದಳು. ಯಾವುದು ಎಂದು ನಾನು ಕೇಳಲಿಲ್ಲ. "ನಾನೊಂದು ಹೆಸರು ಕೂಡ ಇಟ್ಟಿದ್ದೆ. ನಿಮ್ಮ ಹತ್ರ ಹೇಳ್ಲಿಕ್ಕೆ ಧೈರ್ಯ ಬರಲಿಲ್ಲ." ಬಾಗಿಲಿನ ಈಚೆ ನಾನು ಅತ್ತೆ. ಎಣ್ಣೆ ಹಚ್ಚಿದ ಕೈಯಿಂದಲೇ ಒರೆಸಿಕೊಂಡದ್ದರಿಂದ ಕಣ್ಣು ಇನ್ನಷ್ಟು ಉರಿಯಿತು. ಎದ್ದು ಬಾಗಿಲು ತೆಗೆಯಬೇಕು ಅನಿಸಿತು. ಜ್ವರದವನು ತೆಗೆಯಬಾರದು ಅಂತಲೂ ಅನಿಸಿತು. ತೆಗೆಯಲಿಲ್ಲ. "ಎಂತ ಹೆಸರು?" ಎಂದು ಮಾತ್ರ ಕೇಳಿದೆ. ಹೇಳಿದಳು.

ಮರುದಿನ ಬೆಳಿಗ್ಗೆ ಕಷಾಯದ ಲೋಟ ಬರಲಿಲ್ಲ. "ಇವತ್ತು ಕ್ಲಿನಿಕ್ಕಿಗೆ ಹೋಗಿ ಬನ್ನಿ. ಕಷಾಯ ಬೇಡ, ಹಾಗೇ ಹೋಗಿ" ಎಂಬ ಅಪ್ಪಣೆ ಬಂತು. ಅಲ್ಲಿದ್ದ ಮಲಯಾಳಿ ಡಾಕ್ಟರಮ್ಮ ನೋಡಿ ಜ್ವರವೇ ಇಲ್ಲ ಎಂದರು. ನನಗೆ ಅವಮಾನವಾದಂತಾಯಿತು. ವಾರದಿಂದ ಎರಡೂ ಹೊತ್ತು ನೂರಾ ಒಂದು ಎಂದು ವಾದಿಸಿದೆ. "ದೇಖ್‌ನೇ ಸೆ ಪೆಹಲೇ ಕ್ಯಾ ಪೀತೇ ಹೋ?" ಎಂದು ಅವರು ಕೇಳಿದರು, ಜ್ವರ ನೋಡುವ ಮೊದಲು ಏನು ಕುಡಿಯುತ್ತೀರಿ ಎಂದು. ಹೇಳಿದೆ. ಅವರು ಸ್ಟೆತಾಸ್ಕೋಪು ತೆಗೆದು ಮೇಜಿನ ಮೇಲಿಟ್ಟು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಗೆ ಬಂದವನೇ ಟಿವಿ ಹಾಕಿದೆ. ಮೂರು ತಿಂಗಳ ಮೇಲೆ ಮಗಳು ಆರೋಗ್ಯವಾಗಿ ಹುಟ್ಟಿದಳು. ನಂಜುಂಡಯ್ಯನವರು ಇಂದಿಗೂ ನನ್ನ ಹೆದರಿಕೆಯನ್ನು ಇಳಿಸಿದ್ದು ತಮ್ಮ ಎಣ್ಣೆಯೇ ಎನ್ನುತ್ತಾರೆ. ಇಳಿದದ್ದಂತೂ ಹೌದು, ಆ ವಾರದ ಕೊನೆಗೆ ನನ್ನ ಎದೆ ಹೊಡೆದುಕೊಳ್ಳುವುದು ನಿಂತಿತ್ತು. ಆದರೆ ಯಾವುದರಿಂದ? ಎಣ್ಣೆಯಿಂದಲೋ, ರಜೆಯಿಂದಲೋ, ಟಿವಿ ನೋಡದೆ ಇದ್ದದ್ದರಿಂದಲೋ? ಇಲ್ಲದ ಜ್ವರಕ್ಕೆ ಔಷಧಿ ತೆಗೆದುಕೊಂಡು ಇದ್ದ ಹೆದರಿಕೆ ಗುಣವಾದದ್ದನ್ನು ಯಾವ ಶಾಸ್ತ್ರಕ್ಕೆ ಸೇರಿಸುವುದು ಎಂದು ಇಷ್ಟು ವರ್ಷವಾದರೂ ನನಗೆ ತಿಳಿದಿಲ್ಲ.

ಮೊನ್ನೆ ಕೊಳವೆಯನ್ನು ಹಿಡಿದುಕೊಂಡು ಅಡುಗೆಮನೆಗೆ ಹೋದೆ. ವಿನೋದಾ ಬಾಲ್ಕನಿಯ ಕುಂಡದಲ್ಲಿ ಬೆಳೆಸಿದ ಬಸಳೆಯನ್ನು ಹೆಚ್ಚುತ್ತಿದ್ದಳು.

"ಇದು ನೆನಪುಂಟಾ?"

"ಮರೀಲಿಕ್ಕೆ ಆಗ್ತದಾ? ನಿಮ್ಮ ಸುಳ್ಳು ಜ್ವರದ ಕಡ್ಡಿ."

"ಸುಳ್ಳು ಅಂತ ಡಾಕ್ಟರು ಹೇಳುವವರೆಗೆ ಯಾರಿಗೆ ಗೊತ್ತಿತ್ತು?"

"ನನಗೆ ಗೊತ್ತಿತ್ತು" ಎಂದಳು, ದಂಟಿನಿಂದ ಕಣ್ಣು ತೆಗೆಯದೆ. "ಮೂರನೇ ದಿನವೇ. ತೊಳೆದವಳು ನಾನಲ್ವಾ? ಬಿಸಿ ಚಾ ಕುಡಿದು ನಾನೂ ಇಟ್ಟು ನೋಡಿದೆ. ನೂರಾ ಒಂದು ಬಂತು."

"ಮತ್ತೆ ಹೇಳಲಿಲ್ಲ ಯಾಕೆ ಮಾರಾಯ್ತಿ?"

"ಹೇಳಿದ್ರೆ ನೀವು ಹೊರಗೆ ಬಂದು ಟಿವಿ ಹಾಕ್ತಿದ್ರಿ." ಹೆಚ್ಚಿದ ದಂಟನ್ನು ಬದಿಗೆ ಸರಿಸಿ ಮತ್ತೆ ಹೇಳಿದಳು. "ಹೆದರಿಕೆ ನಿಮಗೆ ಮಾತ್ರ ಇತ್ತಾ? ಮಗು ಇದ್ದದ್ದು ನನ್ನ ಹೊಟ್ಟೆಯಲ್ಲಿ. ನಿಮಗೆ ಎಣ್ಣೆ ಇತ್ತು, ಕಷಾಯ ಇತ್ತು, ನಂಜುಂಡಯ್ಯ ಇದ್ರು. ನನಗೆ ಆ ಬಾಗಿಲ ಹತ್ರ ಕೂತು ಮಾತಾಡಿದ ದಿನ ಮಾತ್ರ ನಿದ್ದೆ ಬರ್ತಿತ್ತು. ಇನ್ನು ನಾಲ್ಕು ದಿನ ಇರ್ಲಿ ಅಂತ ಬಿಟ್ಟೆ. ಹೇಳ್ಲಿಕ್ಕಿದ್ದದ್ದು ಹೇಳಿ ಆದ ಮೇಲೆ ನಿಮ್ಮನ್ನು ಡಾಕ್ಟರ ಹತ್ರ ಕಳಿಸಿದೆ."

ನನಗೆ ನಾಚಿಕೆಯಾಯಿತು. ಫ್ರಿಜ್ಜಿನ ಮೇಲಿನ ಆ ಚೀಟಿಯಲ್ಲಿ ನನ್ನ ಮೂಗಿಗೆ, ಅಂಗಾಲಿಗೆ ಎಲ್ಲಕ್ಕೂ ಒಂದೊಂದು ಔಷಧಿ ಇತ್ತು. ನಿನಗೆ ಹೇಗಿದೆ ಎಂದು ಅವಳನ್ನು ನಾನು ಒಂದು ಸಲವೂ ಕೇಳಿರಲಿಲ್ಲ.

ಹಾಲಿನಲ್ಲಿ ಟಿವಿ ತನ್ನಷ್ಟಕ್ಕೆ ಒದರುತ್ತಿತ್ತು. ಹೋಗಿ ಆರಿಸಿದೆ. ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಬಂದು ಅಡುಗೆಮನೆಯ ಬಾಗಿಲಲ್ಲಿ ಹಾಕಿ ಕುಳಿತೆ.

"ಎಂತ?" ಎಂದಳು.

"ಎಂತ ಇಲ್ಲ. ಈಗ ನಿನಗೆ ಎಂತದರ ಹೆದರಿಕೆ?"

ವಿನೋದಾ ಒಮ್ಮೆ ನನ್ನನ್ನು, ಒಮ್ಮೆ ಕುರ್ಚಿಯನ್ನು ನೋಡಿದಳು. ಆಮೇಲೆ ಚೂರಿ ಕೆಳಗಿಟ್ಟು, ಕೈ ಒರೆಸಿಕೊಂಡಳು.