ಬೋಮೆಲ್ ಮನೆತನದ ಕೈ

ಕುಂಚದ ಮೊನೆ ಕೆದರಿದರೆ ತುಟಿಯ ನಡುವೆ ಇಟ್ಟು ಚೂಪು ಮಾಡಿಕೊಳ್ಳುವುದು ನಮ್ಮ ಬೋಮೆಲ್ ಮನೆಯ ರೂಢಿ. ಅಜ್ಜ, ಅಪ್ಪ, ನನ್ನ ಅಣ್ಣ ಎತಿಯೆನ್, ಮೂವರೂ ಚಿತ್ರಗಾರರು. ಮೂವರ ಬಲಗೈಯೂ ಮುಪ್ಪಿಗೆ ಮೊದಲೇ ಮಣಿಕಟ್ಟಿನಿಂದ ಜೋತುಬಿತ್ತು. ನಮ್ಮೂರು ಲಿಯೋಂನ ಜನ ಅದಕ್ಕೆ ‘ಬೋಮೆಲ್ ಕೈ’ ಎಂದು ಹೆಸರಿಟ್ಟರು. ರಕ್ತದಲ್ಲೇ ಬಂದದ್ದಂತೆ! ಕುಂಚ ಮುಟ್ಟದ ನನ್ನ ಕೈ ಯಾಕೆ ನೆಟ್ಟಗಿದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ಅಣ್ಣನ ಮಗಳು ಒದೀಲ್‌ಗೆ ಸ್ಪರ್ಧೆಯದೇ ಹುಚ್ಚು. ಪ್ಯಾರಿಸ್‌ಗೆ ಕಳಿಸಿದ ಚಿತ್ರಗಳು ಮೂಲೆ ಜಜ್ಜಿಸಿಕೊಂಡು ವಾಪಸಾಗುತ್ತಿದ್ದವು. ಆ ವರ್ಷ ನಮ್ಮ ಪುರಭವನದ ಮದುವೆ ಹಜಾರಕ್ಕೆ ಸ್ಪರ್ಧೆ ಕರೆದರು. ಮಾದರಿ ಚಿತ್ರದಲ್ಲಿ ಗೆದ್ದವರಿಗೆ ಹಜಾರದ ಇಡೀ ಗೋಡೆಗೆ ಚಿತ್ರ ಬರೆಯುವ ಕೆಲಸ. ಒದೀಲ್ ಮದುಮಗಳನ್ನು ಬರೆಯಲು ಕೂತಳು. ಉಡುಪು, ಮುಸುಕು, ಹೂವು, ಎಲ್ಲವೂ ಬಿಳಿ. ಅದೂ ಸೀಸದಿಂದ ಮಾಡಿದ ಬಿಳಿ ಬಣ್ಣ.

ಸ್ವಲ್ಪ ದಿನಕ್ಕೇ ಅವಳಿಗೆ ಹೊಟ್ಟೆನೋವು ಶುರುವಾಯಿತು. ಡಾಕ್ಟರನ್ನು ನಾನೇ ಕರೆಸಿದೆ. ಅವರು ಅವಳ ತುಟಿ ಎತ್ತಿ, ನೀಲಿಗಟ್ಟಿದ ಒಸಡು ನೋಡಿದರು.

“ಸೀಸ ಹೊಟ್ಟೆಗೆ ಹೋಗ್ತಿದೆ ತಾಯಿ. ಇನ್ನು ಕುಂಚ ಬಾಯಿಗಿಟ್ಟರೆ ಕೈ ಹೋಗುತ್ತೆ, ಅಷ್ಟೇ.”

“ಹೋಗ್ರೀ, ಕಂಡಿದ್ದೀನಿ!” ಅಂದ ಅಣ್ಣ. “ಬಟ್ಟೇಲಿ ಒರೆಸಿದ ಕುಂಚದಲ್ಲಿ ಬೋಮೆಲ್ ಗೆರೆ ಬರುತ್ತಾ?”

ಒದೀಲ್ ಹೆದರಿ ಬಟ್ಟೆಯಲ್ಲೇ ಒರೆಸತೊಡಗಿದಳು. ಮುಸುಕಿನ ಕಸೂತಿ ದಪ್ಪಗಾಯಿತು. ಅಣ್ಣ ಹಿಂದೆ ನಿಂತು, “ಇದೇನಮ್ಮಾ, ಪೊರಕೇಲಿ ಬಳಿದಿದ್ದೀಯಾ?” ಎಂದು ನಕ್ಕ. ಮರುದಿನ ನಾನು ಕಾಫಿ ಒಯ್ದಾಗ ಅವಳ ತುಟಿ ಬಣ್ಣ ಮೆತ್ತಿ ಬೆಳ್ಳಗಿತ್ತು.

“ಏನೇ ಇದು? ಬದುಕೋ ಆಸೆ ಇಲ್ವಾ ನಿಂಗೆ?”

“ಈ ಮುಸುಕೊಂದು ಮುಗೀಲಿ ಅತ್ತೆ. ಆಮೇಲೆ ಖಂಡಿತ ಬಿಟ್ಬಿಡ್ತೀನಿ.”

ಕುಂಚ ಕಿತ್ತುಕೊಳ್ಳಲು ಹೋದೆ. ಬಿಡಲಿಲ್ಲ, ಹಟಮಾರಿ.

ಗೆದ್ದಳು. ಅಣ್ಣ ನೆಂಟರನ್ನೆಲ್ಲ ಊಟಕ್ಕೆ ಕರೆದ. ಎಲ್ಲರೂ ವೈನ್ ಎತ್ತಿದರು. ಒದೀಲ್ ಲೋಟಕ್ಕೆ ಕೈಚಾಚಿದಳು. ಬೆರಳು ತಾಗಿತು, ಮಣಿಕಟ್ಟು ಏಳಲಿಲ್ಲ. ಇನ್ನೊಮ್ಮೆ ಎತ್ತಲು ನೋಡಿದಳು. ಲೋಟ ಉರುಳಿ ವೈನ್ ಮೇಜಿನ ತುಂಬ ಹರಿಯಿತು.

ಅಣ್ಣ ಎದ್ದು ನಿಂತ. ಆ ಮನುಷ್ಯನ ಕಣ್ಣಲ್ಲಿ ಆನಂದಬಾಷ್ಪ!

“ನೋಡಿದ್ರಾ? ಬೋಮೆಲ್ ಕೈ! ಈಗ ಅಪ್ಪಟ ನನ್ನ ಮಗಳಾದ್ಲು!”

ನೆಂಟರು ಚಪ್ಪಾಳೆ ತಟ್ಟಿದರು.

“ಮುಚ್ಚೋ ಬಾಯಿ!” ಎಂದು ಕಿರುಚಿದೆ. “ಹೆತ್ತ ಮಗಳ ಕೈ ತಿಂದ್ಯಲ್ಲೋ, ಪಾಪಿ!”

ಚಪ್ಪಾಳೆ ನಿಂತಿತು. ಒದೀಲ್ ಎಡಗೈಯಿಂದ ಬಲಗೈಯನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು:

“ಅತ್ತೆ, ಗೋಡೇನ ಇನ್ಯಾರಿಗಾದ್ರೂ ಕೊಟ್ಬಿಡ್ತಾರಾ?”

ಇಲ್ಲ ಅಂದೆ. ಬೇಸಿಗೆ ಮುಗಿಯುವ ಮೊದಲೇ ಕೊಟ್ಟರು.