ಮುಷ್ಟಿಯಷ್ಟು ಗಡ್ಡ

ಹೊಸನಗರದಲ್ಲಿ ನನ್ನ ಅಂಗಡಿಯ ಪಕ್ಕ ಸೈಕಲ್ ರಿಪೇರಿ ಮಾಡುತ್ತಿದ್ದವರು ಪ್ರತಿ ಶುಕ್ರವಾರ ಗಡ್ಡವನ್ನು ಮುಷ್ಟಿಯಲ್ಲಿ ಹಿಡಿದು, ಮುಷ್ಟಿಗೆ ಮಿಕ್ಕಿದ್ದನ್ನು ಕತ್ತರಿಸಿ, ನೀರು ಮುಟ್ಟಿಸಿ ಬಾಚುತ್ತಿದ್ದರು. "ಇದು ಪ್ರವಾದಿಯವರ ದಾರಿ ಮಾರಾಯ್ರೇ, ಚೊಕ್ಕ ಇಟ್ಕಬೇಕು" ಎನ್ನುತ್ತಿದ್ದರು.

ಬಾಚಣಿಗೆ ಕಾಣದ ನನ್ನ ಉದ್ದ ಗಡ್ಡವನ್ನೇ ನಾನು ಭಕ್ತಿಯೆಂದು ತಿಳಿದಿದ್ದೆ. "ಎಂತ ಭಾಯ್, ನಮಾಜಿಗೋ ಮದುವೆಗೋ?" ಎಂದು ಮಸೀದಿಯಲ್ಲಿ ಎಲ್ಲರೆದುರು ಅಣಕಿಸಿದೆ. ಅವರು ತಲೆ ತಗ್ಗಿಸಿದರು. ಆಮೇಲೆ ನಮ್ಮಲ್ಲಿ ಮಾತಿರಲಿಲ್ಲ.

ಕೊನೆಗಾಲದಲ್ಲಿ ಅವರಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಒಂದು ಶುಕ್ರವಾರ ಅವರ ಮನೆಗೆ ಹೋಗಿ, "ನನ್ನಿಂದ ತಪ್ಪಾಯ್ತು ಭಾಯ್" ಎಂದೆ.

"ಅದಿರ್ಲಿ, ಮೊದ್ಲು ಈ ಗಡ್ಡ ಬಾಚಿ. ಜುಮ್ಮಾ ನಮಾಜಿನ ಹೊತ್ತಾಯ್ತು."

ಅವರ ಬಾಚಣಿಗೆ ತೆಗೆದುಕೊಂಡು, ನೀರು ಮುಟ್ಟಿಸಿ ಬಾಚಿದೆ. ಅವರು ಕಣ್ಣು ಮುಚ್ಚಿ ಕೂತಿದ್ದರು. ಬಾಚಣಿಗೆ ಹಿಂದಕ್ಕೆ ಕೊಟ್ಟರೆ ತೆಗೆದುಕೊಳ್ಳಲಿಲ್ಲ.

"ನಿಮ್ದೂ ಬಾಚ್ಕಳಿ ಮಾರಾಯ್ರೇ. ಒಟ್ಟಿಗೇ ಹೋಗಾಣ."